ನಾನು ತುಂಬಿದ ಉಡಿ

ಹರಿಹರ

ನಮ್ಮ ಬೀದಿಯ ಹೆಂಗಸರು ಕಾಶಿಗೆ ಹೋಗಿಬಂದು ಗಂಗೆಯ ಗಿಂಡಿ ಹಂಚಿದರೆ, ನಾನು ಪರರಾಜ್ಯ ನೋಡಿಬಂದವಳೆಂದು ವರ್ಷಗಟ್ಟಲೆ ಜಂಬ ಕೊಚ್ಚಿಕೊಂಡೆ. ಪರರಾಜ್ಯವೆಂದರೆ ಗದಗು. ನಗಬೇಡಿ. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಗೆಯ ಮಾತಿದು. ಆಗ ಮೈಸೂರಿನವರಿಗೆ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ. ಹರಿಹರದಲ್ಲಿ ರೈಲು ನಿಂತಾಗ ಒಬ್ಬ ಅಧಿಕಾರಿ ನನ್ನ ಬುಟ್ಟಿಗೆ ಕೈಹಾಕಿ ಎರಡು ಸೇರು ಅಕ್ಕಿ ಎತ್ತಿಟ್ಟುಕೊಂಡ. ಅಕ್ಕಿ ಗಡಿ ದಾಟುವ ಹಾಗಿಲ್ಲವಂತೆ.

"ನಾನು ದಾಟಬಹುದೋ ಇಲ್ಲವೋ?" ಎಂದೆ.

"ನೀವು ರೇಷನ್ ಪದಾರ್ಥ ಅಲ್ಲವಲ್ಲ ತಾಯಿ," ಎಂದ. ಬೋಗಿಗೆ ಬೋಗಿಯೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಅವರಿಗೆ ಎರಡು ಹುಚ್ಚು. ಒಂದು ಶಾಸನಗಳದು: ಹಳೆಯ ಕಲ್ಲು ಕಂಡರೆ ಒದ್ದೆ ಕಾಗದ ಅಂಟಿಸಿ, ಮಸಿ ತಟ್ಟಿ, ಅಕ್ಷರದ ಅಚ್ಚು ತೆಗೆದುಕೊಳ್ಳಬೇಕು. ಇನ್ನೊಂದು ಕರ್ನಾಟಕದ ಏಕೀಕರಣದ್ದು. ಲಕ್ಷ್ಮೇಶ್ವರದ ಕಲ್ಲುಗಳನ್ನು ನೋಡದೆ ಸತ್ತರೆ ಸದ್ಗತಿಯಿಲ್ಲ ಎಂದು ಹಟ ಹಿಡಿದು ಹೊರಟವರ ಹಿಂದೆ ನಾನೂ ಹೊರಟಿದ್ದೆ. "ಈ ಗೆರೆಗಳೆಲ್ಲ ದೊರೆಗಳು ಎಳೆದದ್ದು ಕಣೇ. ಒಂದು ದಿನ ಎಲ್ಲ ಅಳಿಸಿಹೋಗುತ್ತೆ," ಎಂದು ಸಮಾಧಾನ ಹೇಳಿದರು. ಅಕ್ಕಿ ಹೋದ ಸಿಟ್ಟಿಗೆ ನಾನೂ "ಇವತ್ತೇ ಅಳಿಸಲಿ," ಎಂದೆ.

ಬೆಟಗೇರಿ

ಗದಗು-ಬೆಟಗೇರಿ ಒಂದೇ ಊರಿನ ಎರಡು ಹೆಸರೆಂದು ತಿಳಿದಿದ್ದೆ. ಅಲ್ಲಿಯವರ ಮುಂದೆ ಹಾಗೆಂದರೆ ಮುಖ ಗಂಟಿಕ್ಕುತ್ತಾರೆ. ಗದಗು ಹತ್ತಿ, ಎಣ್ಣೆಗಳ ವ್ಯಾಪಾರದ್ದು; ಬೆಟಗೇರಿ ಮಗ್ಗದ್ದು. ನಾವು ಇಳಿದುಕೊಂಡದ್ದು ಬೆಟಗೇರಿಯ ನೇಕಾರರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ. ಮನೆಯ ಹಿರಿಯರು ಗಂಗವ್ವ, ಅರವತ್ತು ದಾಟಿದ ವಿಧವೆ. ಮಾತು ಗಟ್ಟಿ, ಮನಸ್ಸು ಮೆತ್ತಗೆ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ. ತೀರ್ಮಾನಿಸುವುದರಲ್ಲಿ ನಾನು ಯಾವತ್ತೂ ಚುರುಕು.

ಮೊದಲ ಊಟದಲ್ಲೇ ಫಜೀತಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಪ್ರಯಾಣದಲ್ಲಿ ಮಡಿಯಿಲ್ಲ ಎಂದುಕೊಂಡು ಚೆನ್ನಾಗಿಯೇ ತಿಂದೆ. ಒಂದು ರೊಟ್ಟಿ ಮುಗಿಯಿತು. "ಇನ್ನೊಂದು ಹಾಕ್ಲೇನ್ರಿ?" ಎಂದರು ಗಂಗವ್ವ. "ಅಯ್ಯೋ, ಬೇಡಿ," ಎಂದೆ. ನಮ್ಮ ಕಡೆ ಹಾಗೆನ್ನುವುದೇ ಮರ್ಯಾದೆ. ಅವರು ಎರಡನೆಯ ಸಲ ಬಲವಂತ ಮಾಡಬೇಕು, ಮೂರನೆಯ ಸಲ ನಾವು ನಿಮ್ಮ ಸಂತೋಷಕ್ಕೆ ಎಂದು ಬಡಿಸಿಕೊಳ್ಳಬೇಕು. ಗಂಗವ್ವ "ಆತು" ಎಂದವರೇ ರೊಟ್ಟಿಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅರೆಹೊಟ್ಟೆಯಲ್ಲಿ ಕೈತೊಳೆದೆ. ಬೇಡ ಎಂದರೆ ಬೇಡವೆಂದೇ ತಿಳಿಯುವ ಜನ!

ಆ ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಒಂದರಲ್ಲಿ ಗಂಗವ್ವನ ಮೈದುನ ನೇಯುತ್ತಿದ್ದರು. ಮನೆಯಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದರಾದ್ದರಿಂದ ನಾವೂ ಕಾಕಾ ಎಂದೆವು. ಇನ್ನೊಂದಕ್ಕೆ ಬಟ್ಟೆ ಹೊದಿಸಿತ್ತು. ಅದರ ಪಕ್ಕದಲ್ಲಿ ಮಗ ಈರಪ್ಪ ಬೀಡಿ ಸೇದುತ್ತ ಕೂತಿದ್ದ. ನನ್ನನ್ನು ಕಂಡೊಡನೆ ಬೀಡಿ ಆರಿಸಿ ಎದ್ದು, "ನೀರು ಬೇಕೇನ್ರಿ ಅಕ್ಕಾರ?" ಎಂದ. ಅಷ್ಟು ಮೆಲ್ಲಗೆ ಮಾತಾಡುವ ಗಂಡಸನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

"ಈ ಮಗ್ಗ ಯಾಕೆ ನಿಂತಿದೆ?" ಎಂದು ಗಂಗವ್ವನನ್ನು ಕೇಳಿದೆ.

"ಸೊಸಿ ಇಲ್ರಿ. ನೀಲವ್ವ ಅಂತ. ಶಿರಹಟ್ಟಿಗೆ ಹೋಗಿ ಕುಂತಾಳ, ಒಂದೂವರಿ ವರ್ಷಾತು."

ಆಮೇಲೆ ತಿಳಿಯಿತು. ಮಗ್ಗದಲ್ಲಿ ಕೂರುವವನು ಗಂಡಸು, ಆದರೆ ಮಗ್ಗ ನಡೆಯುವುದು ಹೆಂಗಸಿನ ಕೈಯಿಂದ. ನೂಲನ್ನು ಲಾಳಿಯೊಳಗಿನ ಕಂಡಿಕೆಗೆ ಸುತ್ತಿಕೊಡುವವಳು ಅವಳು. ಮಗ್ಗಕ್ಕೆ ಉದ್ದಕ್ಕೆ ಏರಿಸಿದ ನೂಲು, ಅಂದರೆ ಒಂದು ಹಾಸು, ಮುಗಿಯಿತೆಂದರೆ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು ಕೂಡಿಸುವವಳೂ ಅವಳೇ. ಒಂದೊಂದಾಗಿ ಸಾವಿರಾರು ಎಳೆ. ಕೂಲಿಯವರನ್ನು ಇಟ್ಟರೆ ನೇಯ್ದದ್ದೆಲ್ಲ ಅವರಿಗೇ ಸರಿಹೋಗುತ್ತದೆ. ಕೈಹಿಡಿದ ಹೆಂಡತಿಯಾದರೆ ಕೂಲಿ ಕೇಳುವುದಿಲ್ಲ.

"ಯಾಕೆ ಹೋದಳು?"

"ಗಂಡ ಒಂದು ಏಟು ಹಾಕಿದ್ದಕ್ಕರಿ. ಅಷ್ಟಕ್ಕ ಮನಿ ಬಿಡತಾರೇನು? ನಮ್ಮನಿಯವರು ನನಗ ಹೊಡದಿಲ್ಲೇನು? ನೋಡ್ರಿ ಇಲ್ಲೆ." ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. "ನನ್ನ ಕೈ ಮುರದಾಗ ಆರು ತಿಂಗಳು ಮಗ್ಗ ನಿಂತ್ವು. ಕುರ್ತಕೋಟ್ಯಾಗ ಎರಡೆಕ್ರೆ ಎರಿ ಹೊಲ ಇತ್ತು, ಅದನ್ನ ಮಾರಿ ಉಂಡ್ವಿ. ಹಂಗಂತ ನಾ ಎಲ್ಲಿಗೆ ಹೋಗಿದ್ನಿ?" ಎಂದರು. ಹೊಲ ಹೋದದ್ದು ತನ್ನ ಕೈಯ ತಪ್ಪಿನಿಂದ ಎನ್ನುವ ಹಾಗಿತ್ತು ಅವರ ದನಿ. ನಾನು ಲೊಚಗುಟ್ಟಿದೆ. ಒಂದು ಮಾತು, ಒಂದು ಏಟು, ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ನನಗೂ ಅನ್ನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿತ್ತು.

ನಾವು ಹೊರಡುವ ದಿನ ಗಂಗವ್ವ ಒಂದು ಗಂಟು ತಂದು ನನ್ನ ಮುಂದಿಟ್ಟರು. ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅರಿಸಿನದ ಬೇರು, ಅಕ್ಕಿ. "ಲಕ್ಷ್ಮೇಶ್ವರಕ್ಕ ಹೆಂಗೂ ಹೊಂಟೀರಿ, ಶಿರಹಟ್ಟಿ ಅಲ್ಲೇ ಬಾಜೂಕ ಐತಿ. ಆಕಿಗೆ ನನ್ನ ಪರವಾಗಿ ಉಡಿ ತುಂಬಿ ಬರ್ರಿ. ನಾ ಮುತ್ತೈದಿ ಅಲ್ಲ, ತುಂಬೂಹಂಗಿಲ್ಲ," ಎಂದರು. ಕಣ್ಣಲ್ಲಿ ನೀರಿತ್ತು. ಈರಪ್ಪ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಮ್ಮ ಕಡೆ ಮಡಿಲು ತುಂಬುವುದು ಎನ್ನುತ್ತೇವಲ್ಲ, ಅದೇ. ನನ್ನ ಕರುಳು ಕರಗಿಹೋಯಿತು. ದಾರಿ ತೋರಿಸಲು, ಯಜಮಾನರ ಮಸಿಡಬ್ಬಿ ಕಾಗದ ಹೊರಲು, ಕಾಕಾ ನಮ್ಮ ಜೊತೆ ಹೊರಟರು. ನಡೆಯುತ್ತಿದ್ದ ಒಂದು ಮಗ್ಗವನ್ನೂ ನಿಲ್ಲಿಸಿ ಬರುತ್ತಿದ್ದಾರೆ, ಎಂಥ ಉಪಚಾರದ ಜನ ಎಂದು ಬಸ್ಸಿನಲ್ಲಿ ಯಜಮಾನರ ಹತ್ತಿರ ಹೊಗಳಿದ್ದೇ ಹೊಗಳಿದ್ದು.

ಲಕ್ಷ್ಮೇಶ್ವರ

ಮುಳಗುಂದದಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟಿನೊಳಗೆ ತಲೆ ತೂರಿಸಿದ್ದಷ್ಟು ಹೊತ್ತು ನಮ್ಮವರು ಬಸದಿಯ ಗೋಡೆಗೆ ಮೂಗು ತಾಗಿಸಿಕೊಂಡು ಓದುತ್ತಿದ್ದರು. ಬಸ್ಸು ಹೊರಟಾಗ ಅವರನ್ನು ಎಳೆದುಕೊಂಡು ಬರಬೇಕಾಯಿತು.

ಲಕ್ಷ್ಮೇಶ್ವರ ಅಲ್ಲಿಯವರೆಗೆ ಮಿರಜದ ರಾಜರದು, ಶಿರಹಟ್ಟಿ ಸಾಂಗಲಿಯವರದು. ಗದಗಿನಿಂದ ಒಂದು ಹೊತ್ತಿನ ದಾರಿಯಲ್ಲಿ ರಾಜ್ಯವೇ ಬದಲಾಗುತ್ತಿತ್ತು. ಬೇರೆ ಪೊಲೀಸು, ಬೇರೆ ಕಚೇರಿ. ನಾವು ಹೋಗುವ ಸ್ವಲ್ಪ ಮೊದಲು ಆ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದವು. ಪೇಟೆಯಲ್ಲಿ ಇನ್ನೂ ಬಾಡಿದ ತೋರಣ ತೂಗುತ್ತಿತ್ತು. ನಮ್ಮವರು ಗುಡಿಯ ಕಟ್ಟೆಯ ಮೇಲೆ ಕೂತ ನಾಲ್ವರಿಗೆ ಏಕೀಕರಣದ ಮೇಲೆ ಭಾಷಣವನ್ನೇ ಮಾಡಿದರು. ಕಾಕಾ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ನಾವಿಳಿದಿದ್ದ ಓಣಿಯಲ್ಲಿ ಒಂದು ಹೆಂಗಸಿನ ಕೂಗು ಕೇಳಿತು. ಏಟಿನ ಸದ್ದೂ ಕೇಳಿತು. ನಮ್ಮ ಬೀದಿಯಲ್ಲಾದರೆ ಅಂಥ ಸದ್ದಿಗೆ ಎಲ್ಲರೂ ಕಿಟಕಿ ಮುಚ್ಚಿಕೊಳ್ಳುತ್ತೇವೆ, ಮಾರನೆಯ ದಿನ ಅವಳನ್ನು ಕಂಡರೆ ಹುಣಸೆಹಣ್ಣಿನ ಬೆಲೆಯ ಮಾತಾಡುತ್ತೇವೆ. ಇಲ್ಲಿ ಎಲ್ಲರೂ ಬಾಗಿಲಿಗೆ ಬಂದು ನಿಂತರು. ಇವರೇ ವಾಸಿ ಎಂದುಕೊಂಡೆ. ಆದರೆ ನಿಂತರು ಅಷ್ಟೇ. ನಾನು ಮೆಟ್ಟಿಲಿಳಿದಾಗ ಕಾಕಾ ಅಡ್ಡ ಬಂದರು. "ಬಿಡಸಾಕ ಹೋಗಬಾರದ್ರಿ ಅವ್ವಾರ. ಗಂಡ ಹೆಂಡ್ತಿ ಮಾತದು." ನಮ್ಮವರೂ "ಬಾರೇ ಒಳಗೆ, ನಿನಗ್ಯಾಕೆ ಊರ ಉಸಾಬರಿ" ಎಂದರು. ಒಳಗೆ ಬಂದೆ. ಒಂದು ಗಳಿಗೆಯ ಮೇಲೆ ಅದೇ ಹೆಂಗಸು ಕೊಡ ಹಿಡಿದು ಬಾವಿಗೆ ಹೋದಳು. ಒಂದು ಕಣ್ಣು ಬಾತುಕೊಂಡಿತ್ತು. ಯಾರೂ ಏನೂ ಕೇಳಲಿಲ್ಲ.

ಶಿರಹಟ್ಟಿ

ಶಿರಹಟ್ಟಿಯಲ್ಲಿ ನೀಲವ್ವ ಇದ್ದದ್ದು ತವರಿನಲ್ಲಲ್ಲ. ತಂದೆತಾಯಿ ಇಲ್ಲ, ಅಣ್ಣ ಮನೆಗೆ ಸೇರಿಸಲಿಲ್ಲವಂತೆ. ಬಳೆ ಮಾರುವ ಹುಸೇನಬಿ ಎಂಬವರು ತಮ್ಮ ಮನೆಯ ಹಿಂದಿನ ಖೋಲಿ ಕೊಟ್ಟಿದ್ದರು. ಕಾಕಾ ನಮ್ಮನ್ನು ಆ ಅಂಗಳದವರೆಗೆ ಕರೆತಂದು ಬೇವಿನ ಮರದ ಕೆಳಗೆ ನಿಂತರು. "ನೀವ ಹೋಗ್ರಿ, ಗಂಡಸರು ಯಾಕ," ಎಂದರು.

ಕದ ತಟ್ಟಿದೆ. "ಯಾರ್ರಿ?" ಎಂದಿತು ಒಂದು ದನಿ. "ಮೈಸೂರಿನಿಂದ ಬಂದಿದ್ದೀವಮ್ಮ," ಎಂದೆ. ಬಾಗಿಲು ತೆರೆಯಿತು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಒಳಗೆ ನೂಲಿನ ರಾಟೆ, ನೀರಿನ ಬಿಂದಿಗೆ, ಒಂದು ಚಾಪೆ. ನನ್ನ ಸೀರೆ ಉಟ್ಟ ರೀತಿ ನೋಡಿ ನಗುತ್ತ ಕೂರಿಸಿದಳು, ಬೆಲ್ಲ ನೀರು ಕೊಟ್ಟಳು. ನಾನು ಗಂಟು ಬಿಚ್ಚಿ, "ನಿಮ್ಮತ್ತೆ ಕಳಿಸಿದ್ದಾರೆ. ಬಾ, ಉಡಿ ಒಡ್ಡು," ಎಂದೆ.

ನಗು ನಿಂತುಹೋಯಿತು. "ಬ್ಯಾಡ್ರಿ ಅಕ್ಕಾರ," ಎಂದಳು.

"ನಾಚಿಕೊಳ್ಳಬೇಡ, ಬಾ."

"ಬ್ಯಾಡ್ರಿ. ಖರೇನ ಬ್ಯಾಡ್ರಿ." ಗೋಡೆಯವರೆಗೆ ಹಿಂದೆ ಸರಿದಳು.

ಬೆಟಗೇರಿಯಲ್ಲಿ ರೊಟ್ಟಿಬುಟ್ಟಿ ಒಳಗೆ ಹೋದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎರಡು ಸಲ ಬೇಡ ಎಂದಾಯಿತು, ಮೂರನೆಯ ಸಲಕ್ಕೆ ಒಪ್ಪುತ್ತಾಳೆ ಎಂದು ನನ್ನ ಮೈಸೂರು ಲೆಕ್ಕ. "ಮುತ್ತೈದೆ ಮನೆಗೆ ಬಂದು ಉಡಿ ತುಂಬುವಾಗ ಒಲ್ಲೆ ಎನ್ನಬಾರದು ಕಣಮ್ಮ, ಗಂಡನಿಗೆ ಒಳ್ಳೆಯದಲ್ಲ," ಎಂದು ಬುದ್ಧಿ ಬೇರೆ ಹೇಳಿದೆ. ಅವಳ ಸೆರಗನ್ನು ನಾನೇ ಎಳೆದು, ಹರಡಿ, ಅಕ್ಕಿ ಸುರಿದು, ಖಣ ಇಟ್ಟು, ಕೊಬ್ಬರಿ ಬಟ್ಟಲು ಇಟ್ಟೆ. ಉಡಿಯ ಅಕ್ಕಿ ನೆಲಕ್ಕೆ ಬೀಳಬಾರದೆಂದು ಅವಳ ಕೈ ತಾನಾಗಿ ಸೆರಗನ್ನು ಹಿಡಿದುಕೊಂಡಿತು. ತೆರೆದ ಬಾಗಿಲಲ್ಲಿ ಅಂಗಳದಿಂದ ಎಲ್ಲ ಕಾಣುತ್ತಿತ್ತು. ಕಾಕಾ "ಆತು" ಎಂದದ್ದು ನನಗೆ ಕೇಳಿಸಿತು. ತಿರುಗಿ ನೋಡಿದರೆ ಅವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಓಣಿಯ ತಿರುವಿನಲ್ಲಿದ್ದರು. ಮಸಿಡಬ್ಬಿ ಮರದ ಬುಡದಲ್ಲಿ ಬಿಟ್ಟು ಹೋಗಿದ್ದರು.

ಅಷ್ಟರಲ್ಲಿ ಹುಸೇನಬಿ ಬಳೆಯ ಮಲಾರ ಹೆಗಲ ಮೇಲೆ ಹೊತ್ತು ಬಂದರು. ಐವತ್ತರ ಗಟ್ಟಿಮುಟ್ಟಾದ ಹೆಂಗಸು. ಹುಡುಗಿಯ ಸೆರಗು ನೋಡಿದರು, ನನ್ನನ್ನು ನೋಡಿದರು. ಬಳೆಗಳನ್ನು ಮೆಲ್ಲಗೆ ಇಳಿಸಿ, ಆಮೇಲೆ ಬಾಯಿ ಬಿಟ್ಟರು.

"ಯಾರವಾ ನೀನು? ಏನು ಮಾಡಿದಿ ಗೊತ್ತೈತೇನು? ಅತ್ತೀ ಮನಿ ಉಡಿ ಸೆರಗಿನ್ಯಾಗ ಬಿತ್ತಂದ್ರ ಸೊಸಿ ಹೊಳ್ಳಿ ಬರಾಕ ಒಪ್ಪಿದಂಗ. ಅವರ ದೈವದಾಗ ಬ್ಯಾರೆ ಮಾತಿಲ್ಲ!"

ದೈವವೆಂದರೆ ದೇವರಲ್ಲ, ಅವರ ಕುಲದ ಹಿರಿಯರ ಕೂಟ. "ನನಗೆ ಹೇಗೆ ಗೊತ್ತಾಗಬೇಕು? ಅವರು ಒಂದು ಮಾತೂ ಹೇಳಲಿಲ್ಲ!" ಎಂದು ನಾನೂ ಜೋರುಮಾಡಿದೆ.

"ಗೊತ್ತಿಲ್ದಾಕಿ ಅಂತನ ನಿನ್ನ ಕಳಿಸ್ಯಾರ. ಬೆಟಗೇರಿ ಮುತ್ತೈದೇರು ಮೂರು ಸಲ ಬಂದ್ರು. ಈಕಿ ಬಾಗಲಾ ತಗೀಲಿಲ್ಲ. ಆ ಮುದುಕ ಯಾಕ ಬಂದಿದ್ದ ಅಂದಿ? ಸಾಕ್ಷಿ ಹೇಳಾಕ."

ನಾನು ಉಡಿಗೆ ಕೈಹಾಕಿದೆ, ಎಲ್ಲ ವಾಪಸು ತೆಗೆದುಕೊಳ್ಳುತ್ತೇನೆಂದು. ನೀಲವ್ವ ಸೆರಗನ್ನು ಎದೆಗವುಚಿಕೊಂಡಳು. "ತುಂಬಿದ ಉಡಿ ಬರಿದು ಮಾಡಬಾರದ್ರಿ," ಎಂದಳು. ಆಗಲೇ ನಾನು ಅವಳ ಬಲಗೈ ನೋಡಿದ್ದು. ಹೆಬ್ಬೆರಳು ಅಂಗೈ ಕಡೆಗೆ ಮಡಿಚಿ ಹಾಗೇ ಉಳಿದಿತ್ತು. ತೋರುಬೆರಳಿಗೆ ಉಗುರಿರಲಿಲ್ಲ.

"ಒಂದು ಏಟು ಅಂದರು," ಎಂದೆ.

"ಲಾಳೀಲೆರಿ," ಎಂದಳು ನೀಲವ್ವ. ಎಳೆಗಳ ನಡುವೆ ಓಡುವ ಲಾಳಿಯ ಎರಡು ತುದಿಗೂ ಕಬ್ಬಿಣದ ಮೊನೆ ಇರುತ್ತದೆ. "ಕಂಡಿಕಿ ತಡಾತು ಅಂತ ಕೈ ಮ್ಯಾಲೆ ಹೊಡದ್ರು. ಕೈ ಹೋತು, ಎಳಿ ಕೂಡಸಾಕ ಆಗಲಿಲ್ಲ, ಮಗ್ಗ ನಿಂತ್ವು. ಮಗ್ಗ ನಿಂತ್ವು ಅಂತ ಮತ್ತ ಹೊಡದ್ರು. ಕೈ ಮುರದೋರು ಅವರು, ಮಗ್ಗ ನಿಲ್ಲಿಸಿದಾಕಿ ನಾನಂತರಿ."

ಶಿರಹಟ್ಟಿಗೆ ಬಂದಮೇಲೆ ಎಡಗೈಯಲ್ಲಿ ಎಳೆ ಕೂಡಿಸುವುದನ್ನು ಕಲಿತಿದ್ದಳು. ನಾಲ್ಕು ಮನೆಗೆ ಹೋಗಿ ಕೂಡಿಸಿ ಹೊಟ್ಟೆ ಹೊರೆಯುತ್ತಿದ್ದಳು. ಹುಸೇನಬಿ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಬಳೆ ನೋಡುತ್ತ ಹೇಳಿದರು, ಸಿಟ್ಟು ಇಳಿದಿತ್ತು: "ಊರಿನ ಹೆಣ್ಮಕ್ಕಳ ಕೈ ಎಲ್ಲಾ ನಾ ಹಿಡದು ನೋಡೀನ್ರಿ. ಹಬ್ಬಕ್ಕಿಂತ ಸಂತಿ ಮರುದಿನ ನನ್ನ ವ್ಯಾಪಾರ ಜೋರು. ಗಂಡಸರು ಕುಡದು ಬಂದಿರ್ತಾರಲ್ಲ, ಬಳಿ ಒಡದಿರ್ತಾವ. ಬರಿಗೈಲೆ ಯಾರಿಗೂ ಕಾಣಬಾರದು ಅಂತ ನಸುಕಿನ್ಯಾಗ ಬಂದು ಇಡಿಸ್ಕೊಂಡು ಹೋಗ್ತಾರ. ನನ್ನ ಹೊಟ್ಟಿ ತುಂಬೋದು ಅದರಿಂದ. ಅಲ್ಲಾ ಮಾಫ್ ಮಾಡ್ಲಿ."

ಈರಪ್ಪನ ಹತ್ತಿರ ಒಂದು ಕೋರ್ಟಿನ ಕಾಗದವಿತ್ತಂತೆ, ಹೆಂಡತಿ ಗಂಡನ ಮನೆಗೆ ಬರತಕ್ಕದ್ದು ಎಂದು. ಅದನ್ನು ಹಿಡಿದು ಎರಡು ಸಲ ಬಂದಿದ್ದ. ಇಲ್ಲಿಯ ಫೌಜದಾರ, ಬ್ರಿಟಿಷ್ ಸೀಮೆಯ ಕಾಗದ ನಮ್ಮಲ್ಲಿ ನಡೆಯುವುದಿಲ್ಲ ಎಂದು ಗಡಿಯಾಚೆ ಅಟ್ಟಿದ್ದ. ಅವನಿಗೆ ನೀಲವ್ವನ ಮೇಲೆ ಕನಿಕರವೇನಿರಲಿಲ್ಲ, ತನ್ನ ದೊರೆಯ ಠಸ್ಸೆಯ ಮೇಲೆ ಅಭಿಮಾನ. ಈಗ ಸಂಸ್ಥಾನವೇ ಇಲ್ಲ. ಕಾಗದ ನಡೆಯುತ್ತದೆ. "ವಿಲೀನಾತು ಅಂತ ಪ್ಯಾಟ್ಯಾಗ ಪೇಡೆ ಹಂಚಿದ್ರು. ನಾನೂ ತಿಂದ್ನಿ. ನುಂಗಿದ ಮ್ಯಾಲ ಹೊಳೀತು ನೋಡ್ರಿ," ಎಂದರು ಹುಸೇನಬಿ. ಕಾಕಾ ಬೆಟಗೇರಿ ಮುಟ್ಟಿ, ಹಿರಿಯರನ್ನು ಕೂಡಿಸಿ, ಬಂಡಿ ಕಟ್ಟಿಕೊಂಡು ಬರಲು ಹೆಚ್ಚೆಂದರೆ ಒಂದು ದಿನ.

ಆಮೇಲೆ ಅವರು ನನ್ನನ್ನು ನೇರ ಕೇಳಿದರು. "ಮೈಸೂರು ಇನ್ನೂ ಬ್ಯಾರೆ ರಾಜ್ಯ ಅಲ್ಲೇನ್ರಿ? ಕರ್ಕೊಂಡು ಹೋಗ್ತೀರೇನು ಈ ಹುಡುಗೀನ?"

ನೀಲವ್ವ ತಲೆ ಎತ್ತಿ ನೋಡಿದಳು. ನಾನು ಅಂಗಳದ ಮರದ ಕೆಳಗಿದ್ದ ಯಜಮಾನರ ಕಡೆ ನೋಡಿದೆ. ಅವರು ಮಸಿಡಬ್ಬಿಯ ಮುಚ್ಚಳ ಸರಿಮಾಡುತ್ತಿದ್ದರು. "ಮನೆಯಲ್ಲಿ ಅತ್ತೆಯವರಿದ್ದಾರೆ," ಎಂದೆ. "ಮಡಿ ಗಿಡಿ ಎಲ್ಲ... ಅವಳಿಗೇ ಕಷ್ಟವಾಗುತ್ತೆ." ಗಂಗವ್ವನ ರೊಟ್ಟಿಗೆ ಅಡ್ಡಬರದ ಮಡಿ ಅದು; ಈ ಹುಡುಗಿಯ ಬೆಲ್ಲ ನೀರು ಕುಡಿದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ನೀಲವ್ವ, "ಇರಲಿ ಬಿಡ್ರಿ ಅಕ್ಕಾರ," ಎಂದಳು. ಒಂದೇ ಸಲ ಹೇಳಿದಳು, ನಾನು ತಕ್ಷಣ ಒಪ್ಪಿಕೊಂಡೆ.

ಮುಂಡರಗಿ

ಉಳಿದದ್ದು ಒಂದೇ ಗೆರೆ. ಮುಂಡರಗಿಯಿಂದ ಆಚೆಗೆ ಕೆಲವು ಹರದಾರಿ ಹೋದರೆ ನಿಜಾಮನ ಸೀಮೆ. ಅಲ್ಲಿಯ ಹಳ್ಳಿಯೊಂದರಲ್ಲಿ ಹುಸೇನಬಿಯ ತಂಗಿ ಇದ್ದಳು, ಅವಳೂ ಬಳೆಯವಳೇ. ಆದರೆ ಆ ವರ್ಷ ಆಚೆ ಗಲಭೆ. ಸುಲಿಗೆ, ಬೆಂಕಿ, ಹೆಂಗಸರ ಮೇಲೆ ಕೈಮಾಡುವ ಸುದ್ದಿ. ಜನ ಈಚೆಗೆ ಓಡಿಬರುತ್ತಿದ್ದರು. "ಹುಚ್ಚೇನೇ ನಿನಗೆ?" ಎಂದೆ ನೀಲವ್ವನಿಗೆ. ಅವಳು ರಾಟೆಯನ್ನು ಹುಸೇನಬಿಗೆ ಒಪ್ಪಿಸಿ, ನೆಲ ಸಾರಿಸುತ್ತಿದ್ದಳು.

ನಮ್ಮವರು ಬೇಡವೆಂದರು. ಇನ್ನೊಬ್ಬರ ಸಂಸಾರದಲ್ಲಿ ತಲೆಹಾಕಬಾರದು, ಕಾನೂನಿದೆ, ನಾವು ಪರಸ್ಥಳದವರು. "ತಲೆ ಹಾಕಿ ಆಗಿದೆಯಲ್ಲ, ನನ್ನ ಎರಡು ಕೈಯನ್ನೂ ಹಾಕಿ ಆಗಿದೆ," ಎಂದು ಕಿರುಚಿದೆ. ಅವರು ಹೋಗಿ ಒಂದು ಚಕ್ಕಡಿ ಗೊತ್ತುಮಾಡಿ ಬಂದರು. ಬೆಳಗಾಗುತ್ತಲೇ ನೀಲವ್ವನಿಗೆ ನನ್ನ ಸೀರೆಯನ್ನು ನಮ್ಮ ಕಡೆಯ ಹಾಗೆ ಉಡಿಸಿ, ನನ್ನ ತಂಗಿಯೆಂದು ಚಕ್ಕಡಿಯಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಕರಿ ನೆಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಹುಡುಗಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಹಿಂದಿನಿಂದ ಬಂಡಿಯ ಸದ್ದು ಬಂದಾಗಲೆಲ್ಲ ಇಬ್ಬರೂ ತಿರುಗಿ ನೋಡಿದೆವು.

ಮುಂಡರಗಿಯಲ್ಲಿ ಮರದ ಕೆಳಗೆಲ್ಲ ಸಂಸಾರಗಳು. ಬೀಸುವ ಕಲ್ಲು, ಹಾಸಿಗೆ ಸುರುಳಿ, ಕೋಳಿ ಕಟ್ಟಿದ ಬುಟ್ಟಿ. ದೊಡ್ಡ ಹಂಡೆಯಲ್ಲಿ ಗಂಜಿ ಬೇಯುತ್ತಿತ್ತು. ಖಾದಿ ಟೋಪಿಯ ಒಬ್ಬ ಯುವಕ ಮೇಜು ಹಾಕಿಕೊಂಡು ಬಂದವರ ಹೆಸರು ಬರೆಯುತ್ತಿದ್ದ. ಒಳ್ಳೆಯವನು, ಒಬ್ಬ ಅಜ್ಜಿಗೆ ತನ್ನ ಟವೆಲನ್ನೇ ಹೊದಿಸಿದ್ದನ್ನು ಕಣ್ಣಾರೆ ಕಂಡೆ. "ಯಾವೂರಿಂದ ಬಂದೀರವ್ವಾ? ಅಂಜಬ್ಯಾಡ್ರಿ. ಇಲ್ಲೆ ನಮ್ಮ ಹೆಣ್ಮಕ್ಕಳ ಮೈ ಯಾರೂ ಮುಟ್ಟಂಗಿಲ್ಲ," ಎಂದ ನೀಲವ್ವನಿಗೆ.

"ನಾ ಬಂದಾಕಿ ಅಲ್ರಿ, ಹೊಂಟಾಕಿ. ಆ ಕಡೆ ಹೋಗೋರು ಯಾರರ ಅದಾರೇನ್ರಿ?"

"ತಲಿ ಸುದ್ದ ಐತೋ ಇಲ್ಲೋ? ಜನ ಜೀವ ಹಿಡಕೊಂಡು ಓಡಿ ಬರಾಕತ್ತಾರ. ನಿನ್ನ ಗಂಡ ಎಲ್ಲಿ ಅದಾನ?"

"ಬೆಟಗೇರ್ಯಾಗ. ಬಿಟ್ಟು ಬಂದೀನ್ರಿ." ಸೆರಗಿನಿಂದ ಕೈ ತೆಗೆದು ತೋರಿಸಿದಳು.

ಅವನು ಕೈ ನೋಡಿದ. ಲೇಖನಿ ಕೆಳಗಿಟ್ಟ. "ಗಂಡ ಅಂದ ಮ್ಯಾಲ ಸಿಟ್ಟು ಬರತೈತಿ, ತಂಗಿ. ಅದಕ್ಕಂತ ಮನಿ ಬಿಡೋದೇನು? ನಾಳೆ ಬೆಟಗೇರಿಗೆ ಬಂಡಿ ಹೊಂಟೈತಿ, ಹತ್ತಿಸಿ ಕಳಸ್ತೀನಿ," ಎಂದ. ಅದೇ ಮೆತ್ತನೆ ದನಿ, ಅದೇ ಕಳಕಳಿ. ಗಡಿಯಾಚೆಯವರು ಮುಟ್ಟಿದರೆ ಪ್ರಾಣ ಕೊಡಲು ತಯಾರಿದ್ದವನು ಅವನು. ನನಗೆ ಅವನ ಮಸಿಕುಡಿಕೆಯನ್ನು ಅವನ ತಲೆಗೇ ಸುರಿಯಬೇಕು ಅನ್ನಿಸಿತು. ನಮ್ಮವರು ನನ್ನ ಮೊಣಕೈ ಹಿಡಿದುಕೊಂಡರು.

ಬಿಟ್ಟು ಬಂದ ಎಮ್ಮೆ ತರಲು ವಾಪಸು ಹೊರಟಿದ್ದ ಒಬ್ಬ ಮುದುಕಿ ಸಿಕ್ಕಳು. ಹುಸೇನಬಿಯ ತಂಗಿಯ ಹಳ್ಳಿ ಅವಳ ದಾರಿಯಲ್ಲೇ ಇತ್ತು. "ನನಗ ಹಲ್ಲೂ ಇಲ್ಲ, ಮಾನಾನೂ ಯಾರೂ ಕೇಳಂಗಿಲ್ಲ. ಈ ಹರೇದ ಹುಡುಗಿ ಯಾಕ ಸಾಯಾಕ ಬರತಾಳ?" ಎಂದಳು ಮುದುಕಿ.

ನಾನೂ ಕೊನೆಯ ಸಲ ಅವಳ ಕೈ ಹಿಡಿದೆ. "ಬೇಡ ಕಣೇ ನೀಲವ್ವ. ಅಲ್ಲಿ ಏನಾದರೂ ಆದರೆ?"

"ಅಲ್ಲಿ ಯಾರು ಹೊಡೀತಾರೋ ಗೊತ್ತಿಲ್ರಿ ಅಕ್ಕಾರ," ಎಂದಳು. "ಇಲ್ಲಿ ಯಾರು ಹೊಡೀತಾರಂತ ಗೊತ್ತೈತಿ."

ನನ್ನ ಸೀರೆಯನ್ನು ಮರದ ಮರೆಯಲ್ಲಿ ಬಿಚ್ಚಿ, ತನ್ನದನ್ನು ಉಟ್ಟು, ನೀಟಾಗಿ ಮಡಿಚಿ ಕೊಟ್ಟಳು. ಇಟ್ಟುಕೋ ಎಂದರೆ ಬೇಡ ಎಂದಳು. ಈ ಸಲ ನಾನು ಬಲವಂತ ಮಾಡಲಿಲ್ಲ. ಎಲ್ಲರೂ ಬರುತ್ತಿದ್ದ ದಾರಿಯಲ್ಲಿ ಅವರಿಬ್ಬರು ಎದುರಾಗಿ ನಡೆದುಹೋದರು. ಬರುತ್ತಿದ್ದ ಬಂಡಿಗಳು ಅವರಿಗೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದವು. ನಾನು ಅತ್ತೆ, ಜನರೆದುರಿಗೇ ಅತ್ತೆ.

ಮತ್ತೆ ಬೆಟಗೇರಿ

ನಮ್ಮ ಟ್ರಂಕು ಗಂಗವ್ವನ ಮನೆಯಲ್ಲೇ ಇತ್ತು. ಹೋಗದೆ ವಿಧಿಯಿರಲಿಲ್ಲ. ಹಿರಿಯರು ಬಂಡಿ ಕಟ್ಟಿಕೊಂಡು ಹೋಗಿ ಬರಿ ಖೋಲಿ ನೋಡಿ ಬಂದಿದ್ದರು. ಕಾಕಾ ಮಗ್ಗದಿಂದ ತಲೆ ಎತ್ತಲಿಲ್ಲ. "ನೀವು ಹೊಂಟ ದಿನಾನ ಆಕೀನೂ ಇಲ್ಲ," ಎಂದರು ಅಷ್ಟೇ.

"ಉಡಿ ತುಂಬಿದೆ, ಬಂದೆ. ಎಲ್ಲಿಗೆ ಹೋದಳೋ ನನಗೇನು ಗೊತ್ತು?" ಎಂದೆ. ಹುಟ್ಟಿದಂದಿನಿಂದ ಅಷ್ಟು ಚೆನ್ನಾಗಿ ಸುಳ್ಳು ಹೇಳಿರಲಿಲ್ಲ. ಸುಳ್ಳೆಂದರೆ ಮೈಮೇಲೆ ಕೆಂಡ ಬಿದ್ದ ಹಾಗೆ ಆಡುವ ನಮ್ಮವರು ಸೂರು ನೋಡುತ್ತ ನಿಂತರು. ಅದಕ್ಕಾಗಿ ಅವರಿಗೆ ನಾನು ಇಂದಿಗೂ ಋಣಿ. ಗೆದ್ದೆ ಎಂದುಕೊಂಡು ಟ್ರಂಕಿನ ಚಿಲಕ ಹಾಕಿದೆ.

ಗಂಗವ್ವ ಬುತ್ತಿ ಕಟ್ಟಿಕೊಟ್ಟರು. ಬೈಯಲಿಲ್ಲ, ಕೆದಕಲಿಲ್ಲ. ನನ್ನನ್ನು ಒಳಗೆ ಕರೆದು, ತಮ್ಮ ಸೊಟ್ಟ ಮಣಿಕಟ್ಟನ್ನು ಸವರಿಕೊಳ್ಳುತ್ತ, ಯಾರಿಗೂ ಕೇಳದ ಹಾಗೆ ಕೇಳಿದರು. "ಆಕಿ ಕೈ ಹೆಂಗೈತ್ರಿ? ಭಾಳ ನೋಯ್ತೈತೇನು?"

ಅದು ಹೆತ್ತವಳ ದನಿಯಾಗಿತ್ತು. ನನಗೆ ದುಃಖ ಉಕ್ಕಿ ಬಂತು. ಈ ಮುದುಕಿಗೆ ಇಷ್ಟಾದರೂ ಸಮಾಧಾನ ಸಿಗಲಿ ಎಂದು, "ಚೆನ್ನಾಗಿದ್ದಾಳೆ ಗಂಗವ್ವ. ಎಡಗೈಯಲ್ಲೇ ಎಳೆ ಕೂಡಿಸುತ್ತಾಳೆ ಈಗ. ಎಷ್ಟು ಚುರುಕು ಗೊತ್ತೇ," ಎಂದೆ.

ಹೊದಿಸಿದ ಮಗ್ಗದ ಆಚೆ ಈರಪ್ಪ ಎದ್ದು ನಿಂತ. ಅವನು ಅಲ್ಲಿ ಕೂತಿದ್ದು ನನಗೆ ಕಂಡಿರಲಿಲ್ಲ.

"ಎಡಗೈಲೇನ್ರಿ?" ಎಂದ, ಅಷ್ಟೇ ಮೆಲ್ಲಗೆ. "ಎಡಗೈಲೆ ಎಳಿ ಕೂಡಸೋರು ಈ ನಾಡಾಗ ಯಾರೂ ಇಲ್ರಿ. ಚಲೋ ಆತ್ರಿ ಅಕ್ಕಾರ. ಕೇಳಾಕ ಒಂದು ಗುರ್ತಾತು."

ಗಂಗವ್ವ ನನ್ನ ಮುಖ ನೋಡಲಿಲ್ಲ. ಅವರು ನಿಜವಾಗಿ ಮರುಗಿ ಕೇಳಿದರೋ, ಮಗನಿಗಾಗಿ ಕೇಳಿದರೋ, ನನಗೆ ಈಗಲೂ ತಿಳಿಯದು. ಈರಪ್ಪ ನಮ್ಮ ಟ್ರಂಕನ್ನು ತಾನೇ ಹೊತ್ತು ಸ್ಟೇಷನ್ನಿನವರೆಗೆ ಬಂದ. ಬೋಗಿಯಲ್ಲಿ ಜಾಗ ಹಿಡಿದುಕೊಟ್ಟ. ಕೈಮುಗಿದ.

ಮೈಸೂರು

ಆ ವರ್ಷ ಮುಗಿಯುವುದರೊಳಗೆ ನಿಜಾಮನ ಸೀಮೆಯ ಗೆರೆಯೂ ಅಳಿಸಿತು. ಇನ್ನು ಕೆಲವು ವರ್ಷಕ್ಕೆ ಎಲ್ಲ ಸೇರಿ ಒಂದೇ ರಾಜ್ಯವಾಯಿತು; ನನ್ನ ಪರರಾಜ್ಯವೂ ಹೋಯಿತು. ಆ ದಿನ ನಮ್ಮವರು ಬೀದಿಗೆಲ್ಲ ಸಕ್ಕರೆ ಹಂಚಿದರು. ನಾನೂ ತಟ್ಟೆ ಹಿಡಿದು ಅವರ ಹಿಂದೆ ಹೋದೆ. ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಮನೆಗೆ ಬಂದು ಅಡುಗೆಮನೆಯ ಕದ ಹಾಕಿಕೊಂಡೆ.

ಅವಳ ಸುದ್ದಿ ನನಗೆ ಬರಲಿಲ್ಲ. ಹುಸೇನಬಿಗೆ ಎರಡು ಕಾಗದ ಬರೆಸಿ ಹಾಕಿದೆ, ಉತ್ತರವಿಲ್ಲ. ಉತ್ತರ ಕೊಡದೆ ಇದ್ದದ್ದು ಅವರ ಜಾಣತನ.

ಈಗ ಇದನ್ನು ಕೊಪ್ಪಳದವರೂ ರಾಯಚೂರಿನವರೂ ಓದಬಹುದು. ಅವಳ ಹೆಸರನ್ನೂ, ಆಶ್ರಯ ಕೊಟ್ಟವರ ಹೆಸರನ್ನೂ, ಯಾವ ಕೈ ಯಾವ ಬೆರಳು ಎಂಬುದನ್ನೂ ಬದಲಿಸಿಯೇ ಬರೆದಿದ್ದೇನೆ. ಆದರೂ ಓದುತ್ತ ಓದುತ್ತ ನಿಮಗೆ ಯಾರಾದರೂ ನೆನಪಾದರೆ, ಅವಳು ನಿಮ್ಮ ಓಣಿಯಲ್ಲೇ ಬದುಕಿದ್ದಾಳೆಂದು ಗೊತ್ತಾದರೆ, ದಯವಿಟ್ಟು ಸುಮ್ಮನಿರಿ. ನನಗೂ ತಿಳಿಸಬೇಡಿ. ನಾನು ಯಾರಿಗಾದರೂ ಹೇಳಿಬಿಡುತ್ತೇನೆ.